ಒಂದು ಹಗಲಿನ ಫ್ಲಾರೆನ್ಸ್: ಮಾರ್ಗದರ್ಶಕನ ಮಾತು, ಪ್ರೇಕ್ಷಕನ ಕಣ್ಣು

೧

ಕಲಾನಗರಗಳನ್ನು ಒಂದೇ ಹಗಲಿನಲ್ಲಿ ನೋಡಿ ಮುಗಿಸುವ ಪದ್ಧತಿಯನ್ನು ಹಳಿಯುವುದು ವಿದ್ಯಾವಂತರಲ್ಲಿ ಬಹುಕಾಲದಿಂದ ರೂಢಿಯಾಗಿದೆ. ಬಸ್ಸಿನಿಂದ ಇಳಿದು, ಬಣ್ಣದ ಬಾವುಟವನ್ನೋ ಮಡಿಸಿದ ಕೊಡೆಯನ್ನೋ ಎತ್ತಿ ಹಿಡಿದ ಮಾರ್ಗದರ್ಶಕನ ಹಿಂದೆ ಸಾಲಾಗಿ ನಡೆದು, ತೋರಿಸಿದ ಕಡೆ ಕತ್ತೆತ್ತಿ, ಕರೆದಾಗ ಮುಂದೆ ಸಾಗಿ, ಸಂಜೆಗೆ ಮತ್ತೆ ಬಸ್ಸನ್ನೇರುವವನು ಏನನ್ನೂ ಕಂಡಂತಾಗಲಿಲ್ಲವೆಂಬುದು ಈ ಹಳಿವಿನ ಸಾರ. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಇದು ತಿರಸ್ಕಾರವೇ ಹೊರತು ವಿಮರ್ಶೆಯಲ್ಲ. ವಿಮರ್ಶೆಯೆನಿಸಬೇಕಾದರೆ ಆ ಹಗಲನ್ನು ಒಂದು ರಚನೆಯೆಂದು, ಒಂದು ಕೃತಿಯೆಂದು ಭಾವಿಸಿ ನೋಡಬೇಕು. ಅದಕ್ಕೆ ಆದಿ ಮಧ್ಯಾಂತಗಳುಂಟು, ನಿರೂಪಕನುಂಟು, ಶ್ರೋತೃಗಳುಂಟು, ಆಯ್ದುಕೊಂಡುದುಂಟು, ಬಿಟ್ಟುದುಂಟು. ಆಯ್ದುದೇನು, ಬಿಟ್ಟುದೇನು, ಏತಕ್ಕೆ ಬಿಟ್ಟಿತು ಎಂಬುದನ್ನು ಪರಿಶೀಲಿಸಿದಾಗಲೇ ಆ ಕೃತಿಯ ಯೋಗ್ಯತೆ ತಿಳಿದೀತು.

ಇಂಥ ಪರಿಶೀಲನೆಗೆ ಇಟಲಿಯ ಫ್ಲಾರೆನ್ಸ್ ನಗರಕ್ಕಿಂತ ತಕ್ಕ ನಿದರ್ಶನ ದೊರೆಯುವುದು ಕಷ್ಟ. ಲಿವೊರ್ನೊ ಬಂದರಿಗೆ ಬಂದ ಹಡಗಿನ ಪ್ರಯಾಣಿಕರೂ ರೋಮಿನಲ್ಲಿ ಬೀಡುಬಿಟ್ಟ ತಂಡಗಳೂ ಬೆಳಗ್ಗೆ ಹೊರಟು ಸಂಜೆ ಮರಳುವಂತೆ ಈ ನಗರಕ್ಕೆ ಬರುತ್ತಾರೆ. ಮುಂಬಯಿ, ಪುಣೆ, ಹೈದರಾಬಾದುಗಳಿಂದ ತಂಡ ಕಟ್ಟಿಕೊಂಡು ಯುರೋಪಿಗೆ ಹೋಗಿಬರುವ ಕನ್ನಡಿಗರಲ್ಲಿ ಹಲವರು ಫ್ಲಾರೆನ್ಸನ್ನು ಕಾಣುವುದು ಈ ಬಗೆಯಲ್ಲಿಯೇ. ಅನೇಕರಿಗೆ ಅದು ವರ್ಷಗಟ್ಟಲೆ ಕೂಡಿಸಿದ ಹಣದ ಫಲ. ಎರಡನೆಯ ಸಲ ಹೋಗುವ ಸಂಭವ ಕಡಮೆ. ಆದಕಾರಣ ಆ ಒಂದು ಹಗಲಿನಲ್ಲಿ ಅವರಿಗೆ ದೊರೆಯುವುದೇನೆಂಬ ಪ್ರಶ್ನೆ ಹಗುರವಾದುದಲ್ಲ.

ಆ ದಿನದ ರೂಪರೇಖೆ ಬಹುಮಟ್ಟಿಗೆ ನಿಶ್ಚಿತವಾದುದು. ಆರ್ನೊ ನದಿಯ ದಕ್ಷಿಣದ ಗುಡ್ಡದ ಮೇಲಿರುವ ಮೈಕೆಲೇಂಜೆಲೊ ಚೌಕದಲ್ಲಿ ಬಸ್ಸು ನಿಲ್ಲುತ್ತದೆ. ಅಲ್ಲಿಂದ ನಗರದ ಸಮಗ್ರ ನೋಟ. ಹಳೆಯ ನಗರದೊಳಕ್ಕೆ ಬಸ್ಸುಗಳಿಗೆ ನಿರ್ಬಂಧವಿರುವುದರಿಂದ ಮುಂದಿನದು ಕಾಲ್ನಡಿಗೆ. ಸಾಂತಾ ಕ್ರೋಚೆ, ಪ್ರಧಾನ ದೇವಾಲಯ ಮತ್ತು ಅದರ ಮಹಾಗುಮ್ಮಟ, ಎದುರಿನ ದೀಕ್ಷಾಮಂದಿರದ ಕಂಚಿನ ಬಾಗಿಲು, ಪುರಭವನದ ಮುಂದಿನ ಸಿನ್ಯೊರಿಯಾ ಚೌಕ, ಹಳೆಯ ಸೇತುವೆ; ನಡುವೆ ಊಟ; ಮುಂಗಡ ಚೀಟಿಯಿದ್ದರೆ ಉಫೀತ್ಸಿ ಚಿತ್ರಶಾಲೆ, ಇಲ್ಲವೆ ಅಕಾಡೆಮಿಯ 'ಡೇವಿಡ್'; ಕೊನೆಗೆ ಚರ್ಮದ ಸಾಮಾನಿನ ಅಂಗಡಿ. ಮಾರ್ಗದರ್ಶಕನ ಮಾತು ಈಗ ಕಿವಿಗೆ ಸಿಕ್ಕಿಸಿಕೊಂಡ ಪುಟ್ಟ ಯಂತ್ರದ ಮೂಲಕ ಬರುತ್ತದೆ. ಕಿವಿ ಆಜ್ಞೆ ಕೊಟ್ಟ ಕಡೆ ಕಣ್ಣು ತಿರುಗುತ್ತದೆ. ಈ ರಚನೆಯ ಗುಣವೂ ದೋಷವೂ ಈ ಒಂದು ವಿಷಯದಲ್ಲಿಯೇ ಅಡಗಿವೆ.

೨

ಇದರ ವಂಶಾವಳಿ ಸ್ವಲ್ಪ ಹಳೆಯದು. ಥಾಮಸ್ ಕುಕ್ ತನ್ನ ಮೊದಲ ಪ್ರವಾಸಿ ತಂಡವನ್ನು ಇಟಲಿಗೆ ಕರೆದೊಯ್ದುದು ೧೮೬೪ರಲ್ಲಿ. ಅದಕ್ಕೆ ಮೊದಲೇ ಮರ್ರೆಯ ಕೈಪಿಡಿಗಳೂ ಬೇಡೆಕರನ ಕೆಂಪು ಹೊದಿಕೆಯ ಪುಸ್ತಕಗಳೂ ಪ್ರಯಾಣಿಕರ ಕೈಸೇರಿದ್ದವು. ಅವುಗಳೊಡನೆಯೇ ಅವುಗಳ ಟೀಕೆಯೂ ಹುಟ್ಟಿತು. ಫ್ರೆಂಚ್ ಲೇಖಕ ಸ್ಟೆಂಡಾಲನು ತನ್ನ ಪ್ರವಾಸಗ್ರಂಥದಲ್ಲಿ, ಸಾಂತಾ ಕ್ರೋಚೆಯಿಂದ ಹೊರಬರುವಾಗ ಎದೆ ಬಡಿದುಕೊಂಡು ಬೀಳುವಂತಾದುದನ್ನು ವರ್ಣಿಸಿದ. ಕಲಾದರ್ಶನವೆಂದರೆ ಹೀಗೆ ಮೂರ್ಛೆ ಬರಿಸುವಂಥದಾಗಿರಬೇಕೆಂಬ ಒಂದು ಆದರ್ಶ ಅಲ್ಲಿಂದ ಹರಡಿತು. ಫ್ಲಾರೆನ್ಸಿನ ಮನೋವೈದ್ಯೆ ಗ್ರಾತ್ಸಿಯೆಲ್ಲಾ ಮಾಗೆರಿನಿ ೧೯೮೯ರ ತನ್ನ ಗ್ರಂಥದಲ್ಲಿ ಇಂಥ ಪ್ರವಾಸಿಗರ ಅಸ್ವಸ್ಥತೆಗೆ ಸ್ಟೆಂಡಾಲನ ಹೆಸರನ್ನೇ ಕೊಟ್ಟಳು.

ರಸ್ಕಿನ್ ಹಿಡಿದ ದಾರಿ ಬೇರೆ. ೧೮೭೫ರಿಂದ ೧೮೭೭ರವರೆಗೆ ಬಿಡಿಬಿಡಿಯಾಗಿ ಹೊರಬಂದ 'ಫ್ಲಾರೆನ್ಸಿನ ಬೆಳಗುಗಳು' ಎಂಬ ಆರು ಭಾಗಗಳ ಪುಸ್ತಕದಲ್ಲಿ ಆತ ಪ್ರವಾಸಿಗನನ್ನು ಶಿಷ್ಯನಂತೆ ಕಂಡು, ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನೋಡಬೇಕು, ಯಾವುದನ್ನು ಮೆಚ್ಚಬಾರದು ಎಂಬುದನ್ನೆಲ್ಲ ಕಟ್ಟುನಿಟ್ಟಾಗಿ ವಿಧಿಸುತ್ತಾನೆ. ಅವಸರದ ಪ್ರವಾಸಿಗನನ್ನು ಗದರಿಸುವ ಆ ಪುಸ್ತಕವೂ ಒಂದು ಮಾರ್ಗದರ್ಶಿಯೇ ಎಂಬುದನ್ನು ಮರೆಯಲಾಗದು. ಇ. ಎಂ. ಫಾರ್ಸ್ಟರನ ೧೯೦೮ರ ಕಾದಂಬರಿಯೊಂದರಲ್ಲಿ ನಾಯಿಕೆ ಲೂಸಿ ಕೈಪಿಡಿಯನ್ನು ಕಳೆದುಕೊಂಡು ಅದೇ ಸಾಂತಾ ಕ್ರೋಚೆಯೊಳಗೆ ನಿಲ್ಲುತ್ತಾಳೆ. ರಸ್ಕಿನ್ ಹೊಗಳಿದ ಸಮಾಧಿ ಯಾವುದೆಂದು ಹೇಳುವವರಿಲ್ಲದೆ ಮೊದಲು ಪೇಚಾಡಿ, ಬಳಿಕ ತನ್ನ ಕಣ್ಣಿನಿಂದಲೇ ನೋಡತೊಡಗುತ್ತಾಳೆ.

ಮೂರ್ಛೆ, ಶಿಕ್ಷಣ, ಸ್ವಾತಂತ್ರ್ಯ: ಈ ಮೂರೂ ಆದರ್ಶಗಳು ಬಿಡುವುಳ್ಳವರ ಆದರ್ಶಗಳು. ಸ್ಟೆಂಡಾಲನಿಗೂ ರಸ್ಕಿನನಿಗೂ ಲೂಸಿಗೂ ನಾಳೆಯ ಬೆಳಗು ಇತ್ತು. ಬಸ್ಸಿನ ಪ್ರವಾಸಿಗನಿಗೆ ಅದಿಲ್ಲ. ಆದ್ದರಿಂದ ಅವರ ಅಳತೆಗೋಲಿನಿಂದ ಅವನ ಹಗಲನ್ನು ಅಳೆಯುವುದು ನ್ಯಾಯವಲ್ಲ. ಕಾಲ ಸಾಲದೆಂಬುದು ದೋಷವಲ್ಲ, ಸ್ಥಿತಿ. ಇರುವ ಕಾಲವನ್ನು ಯಾವುದಕ್ಕೆ ವಿನಿಯೋಗಿಸಿತು ಎಂಬುದರಲ್ಲಿ ದೋಷವಿದ್ದರೆ ಅದನ್ನು ಹುಡುಕಬೇಕು.

೩

ಮಾರ್ಗದರ್ಶಕನ ನಿರೂಪಣೆಯನ್ನು ಕನ್ನಡದ ಓದುಗ ಕೂಡಲೇ ಗುರುತಿಸಬಲ್ಲ, ಅದು ಸ್ಥಳಪುರಾಣ. ಕ್ಷೇತ್ರಕ್ಕೆ ಬಂದ ಯಾತ್ರಿಕನಿಗೆ ಅರ್ಚಕನು ಹೇಳುವ ಕಥೆಯಂತೆ ಇಲ್ಲಿಯೂ ಒಂದೊಂದು ಕಲ್ಲಿಗೂ ಒಬ್ಬ ಮಹಾಪುರುಷ, ಒಂದು ಪಂದ್ಯ, ಒಂದು ಪವಾಡ. ಈ ಪುರಾಣಕ್ಕೆ ವ್ಯಾಸನೂ ಒಬ್ಬನಿದ್ದಾನೆ. ಚಿತ್ರಕಾರನೂ ವಾಸ್ತುಶಿಲ್ಪಿಯೂ ಆಗಿದ್ದ ಜಾರ್ಜೊ ವಸಾರಿ ೧೫೫೦ರಲ್ಲಿ ಪ್ರಕಟಿಸಿ ೧೫೬೮ರಲ್ಲಿ ವಿಸ್ತರಿಸಿದ ಕಲಾವಿದರ ಚರಿತ್ರೆಗಳು ಇಂದಿಗೂ ಆ ಬೀದಿಗಳಲ್ಲಿ ನಾನಾ ಭಾಷೆಗಳಲ್ಲಿ ದಿನವೂ ಪಾರಾಯಣವಾಗುತ್ತವೆ. ವಸಾರಿಯ ಹೆಸರು ತಿಳಿಯದ ಮಾರ್ಗದರ್ಶಕನೂ ಹೇಳುವುದು ವಸಾರಿಯ ಕಥೆಯನ್ನೇ.

ಮಹಾಗುಮ್ಮಟದ ಕಥೆಯನ್ನು ನೋಡಿದರೆ ಸಾಕು. ಗುಮ್ಮಟವನ್ನು ಕಟ್ಟುವುದು ಹೇಗೆಂದು ಪಂಡಿತರು ಚರ್ಚಿಸುತ್ತಿದ್ದಾಗ, ಮೊಟ್ಟೆಯನ್ನು ಚಪ್ಪಟೆ ಕಲ್ಲಿನ ಮೇಲೆ ನಿಲ್ಲಿಸಬಲ್ಲವನಿಗೆ ಕೆಲಸ ಕೊಡಿರೆಂದು ಬ್ರುನೆಲ್ಲೆಸ್ಕಿ ಸವಾಲು ಹಾಕಿ, ಕೊನೆಗೆ ತಾನೇ ಅದರ ತಳವನ್ನು ಕುಟ್ಟಿ ನಿಲ್ಲಿಸಿದನೆಂಬುದು ವಸಾರಿ ಹೇಳುವ ಕಥೆ. ಕೇಳಲು ಸೊಗಸಾಗಿದೆ, ನೆನಪಿನಲ್ಲಿಯೂ ಉಳಿಯುತ್ತದೆ. ಆದರೆ ಎದುರಿಗಿರುವ ಗುಮ್ಮಟದ ಬಗ್ಗೆ ಅದು ಏನನ್ನೂ ತಿಳಿಸುವುದಿಲ್ಲ.

ನಡೆದ ಸಂಗತಿ ಈ ಕಥೆಗಿಂತ ಆಶ್ಚರ್ಯಕರವಾದುದು. ದೇವಾಲಯದ ಕಟ್ಟಡ ಆರಂಭವಾದುದು ೧೨೯೬ರಲ್ಲಿ, ಅರ್ನಾಲ್ಫೊ ದಿ ಕಾಂಬಿಯೊನ ಕಾಲದಲ್ಲಿ. ೧೩೩೧ರಲ್ಲಿ ಅದರ ಹೊಣೆ ಉಣ್ಣೆ ಬಟ್ಟೆಯ ವೃತ್ತಿಸಂಘಕ್ಕೆ ಸೇರಿತು. ಗುಮ್ಮಟದ ಅಗಲವನ್ನೂ ಆಕಾರವನ್ನೂ ನಿಶ್ಚಯಿಸಿದ ಮಾದರಿಗೆ ೧೩೬೭ರಲ್ಲಿ ಒಪ್ಪಿಗೆ ದೊರೆಯಿತು. ಬ್ರುನೆಲ್ಲೆಸ್ಕಿ ಆಗಿನ್ನೂ ಹುಟ್ಟಿರಲಿಲ್ಲ. ಸುಮಾರು ೪೫ ಮೀಟರು ಅಗಲದ ಆ ಬಾಯನ್ನು ಮುಚ್ಚುವ ಉಪಾಯ ಯಾರಿಗೂ ಗೊತ್ತಿರಲಿಲ್ಲ. ಆದರೂ ನಗರ ಮಾತು ಕೊಟ್ಟಿತು. ಅರ್ಧ ಶತಮಾನ ಆ ಮಾತಿಗೆ ತಪ್ಪದೆ ಗೋಡೆಗಳನ್ನು ಎಬ್ಬಿಸಿತು. ೧೪೧೮ರಲ್ಲಿ ಮಾದರಿಗಳಿಗಾಗಿ ಸ್ಪರ್ಧೆಯನ್ನು ಸಾರಲಾಯಿತು. ೧೪೨೦ರಲ್ಲಿ ಮೇಲ್ವಿಚಾರಣೆಗೆ ನೇಮಕವಾದವರು ಒಬ್ಬರಲ್ಲ, ಮೂವರು: ಬ್ರುನೆಲ್ಲೆಸ್ಕಿ, ಗಿಬರ್ಟಿ ಮತ್ತು ಗಾರೆಯವರ ಮೇಸ್ತ್ರಿಯಾಗಿದ್ದ ಬತ್ತಿಸ್ತಾ ದ'ಅಂತೋನಿಯೊ. ಕೆಳಗಿನಿಂದ ಮರದ ಆಸರೆಯನ್ನು ಕಟ್ಟದೆ, ಒಳಗೊಂದು ಹೊರಗೊಂದು ಎಂದು ಎರಡು ಪದರಗಳಲ್ಲಿ, ಇಟ್ಟಿಗೆಗಳನ್ನು ಮೀನಿನ ಮುಳ್ಳಿನ ವಿನ್ಯಾಸದಲ್ಲಿ ಒಂದಕ್ಕೊಂದು ಸಿಕ್ಕಿಸುತ್ತ, ಸುತ್ತುಸುತ್ತಾಗಿ ಗುಮ್ಮಟ ಮೇಲೇರಿತು. ೧೪೩೬ರ ಮಾರ್ಚ್ ೨೫ರಂದು ಪೋಪ್ ನಾಲ್ವಡಿ ಯೂಜೀನಿಯಸ್ ದೇವಾಲಯವನ್ನು ಪ್ರತಿಷ್ಠಾಪಿಸಿದ.

ಬ್ರುನೆಲ್ಲೆಸ್ಕಿಯ ಪ್ರತಿಭೆಯನ್ನು ಕಿರಿದುಗೊಳಿಸುವುದು ಇಲ್ಲಿಯ ಉದ್ದೇಶವಲ್ಲ. ಉಪಾಯ ಅವನದೇ. ಆದರೆ ಉಪಾಯಕ್ಕೆ ಮೊದಲು ಸಂಕಲ್ಪವಿತ್ತು. ಆ ಸಂಕಲ್ಪ ಒಬ್ಬನದಲ್ಲ, ಒಂದು ಊರಿನದು. ಅಯ್ಯಾವೊಳೆಯ ಐನೂರ್ವರ ಶಾಸನಗಳನ್ನು ಓದಿದ ಕನ್ನಡಿಗನಿಗೆ ವರ್ತಕರೂ ಕುಶಲಕರ್ಮಿಗಳೂ ಸಂಘಟಿತರಾಗಿ ಧರ್ಮಕಾರ್ಯಗಳನ್ನು ವಹಿಸಿಕೊಳ್ಳುವುದು ಹೊಸ ಸಂಗತಿಯೇನಲ್ಲ. ಹೇಳಿದರೆ ತಟ್ಟನೆ ತಿಳಿದುಕೊಂಡಾನು. ಮೊಟ್ಟೆಯ ಕಥೆ ಹೇಳುವಷ್ಟೇ ಹೊತ್ತಿನಲ್ಲಿ ಇದನ್ನೂ ಹೇಳಬಹುದು. ಆದ್ದರಿಂದ ಕಾಲವಿಲ್ಲವೆಂಬ ಸಮಾಧಾನ ಇಲ್ಲಿ ಸಲ್ಲದು. ಪ್ರತಿಭೆಯ ಪವಾಡ ಮಾರಾಟವಾಗುತ್ತದೆ, ಊರಿನ ಸಂಕಲ್ಪ ಮಾರಾಟವಾಗುವುದಿಲ್ಲ ಎಂಬ ಎಣಿಕೆ ಈ ಆಯ್ಕೆಯ ಹಿಂದಿದೆ.

೪

ಕಲಾಕೃತಿಗೆ ಸ್ಥಾನವೂ ಒಂದು ಅಂಗ. ಕ್ಷೇಮೇಂದ್ರನು ಕಾವ್ಯದಲ್ಲಿ ಹೇಳಿದ ಔಚಿತ್ಯ ಶಿಲ್ಪದಲ್ಲಿ ಇನ್ನೂ ಸ್ಥೂಲವಾಗಿ, ಕಣ್ಣಿಗೆ ಕಾಣುವಂತೆ ಕೆಲಸ ಮಾಡುತ್ತದೆ. ಫ್ಲಾರೆನ್ಸಿನ ಜನ ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರೆಂಬುದಕ್ಕೆ 'ಡೇವಿಡ್'ನ ಇತಿಹಾಸವೇ ಸಾಕ್ಷಿ. ೧೫೦೧ರಲ್ಲಿ ಮೈಕೆಲೇಂಜೆಲೊಗೆ ಒಪ್ಪಿಸಿದ ಈ ೫.೧೭ ಮೀಟರು ಎತ್ತರದ ವಿಗ್ರಹ ದೇವಾಲಯದ ಮೇಲ್ಭಾಗದ ಆಧಾರಸ್ತಂಭಕ್ಕಾಗಿ ಉದ್ದೇಶಿಸಿದ್ದುದು. ಅದು ಮುಗಿಯುತ್ತ ಬಂದಾಗ, ೧೫೦೪ರ ಜನವರಿಯಲ್ಲಿ, ಎಲ್ಲಿ ನಿಲ್ಲಿಸಬೇಕೆಂಬುದನ್ನು ಚರ್ಚಿಸಲು ಸುಮಾರು ಮೂವತ್ತು ಮಂದಿ ಸಭೆ ಸೇರಿದರು. ಲಿಯೊನಾರ್ಡೊ ದ ವಿಂಚಿಯೂ ಬೊತ್ತಿಚೆಲ್ಲಿಯೂ ಆ ಸಭೆಯಲ್ಲಿದ್ದರು. ದೇವಾಲಯದ ಬಳಿಯಲ್ಲಿಯೇ ಇರಲೆಂದರು ಕೆಲವರು. ಮಳೆಬಿಸಿಲಿಗೆ ಸಿಗದಂತೆ ಚೌಕದ ಪಕ್ಕದ ಕಮಾನು ಮಂಟಪದಲ್ಲಿ ನಿಲ್ಲಲೆಂದರು ಬೇರೆ ಕೆಲವರು. ಕಟ್ಟಕಡೆಗೆ ಅದು ನಿಂತುದು ಪುರಭವನದ ಬಾಗಿಲಲ್ಲಿ, ದೊನಾತೆಲ್ಲೊನ 'ಜೂಡಿತ್' ಇದ್ದ ಸ್ಥಳದಲ್ಲಿ.

ಆ 'ಜೂಡಿತ್' ಸಹ ಅಲ್ಲಿಗೆ ಸುಮ್ಮನೆ ಬಂದುದಲ್ಲ. ಮೆದಿಚಿ ಮನೆತನದ ಅರಮನೆಯಲ್ಲಿದ್ದ ಅದನ್ನು, ೧೪೯೪ರಲ್ಲಿ ಆ ಮನೆತನವನ್ನು ಹೊರದೂಡಿದ ಬಳಿಕ, ಪ್ರಜೆಗಳು ೧೪೯೫ರಲ್ಲಿ ತಂದು ಪುರಭವನದ ಮುಂದೆ ನಿಲ್ಲಿಸಿದ್ದರು: ದಬ್ಬಾಳಿಕೆಯವನ ತಲೆ ಕಡಿಯುವ ಹೆಣ್ಣು, ಗಣರಾಜ್ಯದ ಹೆಬ್ಬಾಗಿಲಲ್ಲಿ. ಅನಂತರ ಬಂದವನು ದೈತ್ಯನನ್ನು ಕಲ್ಲೆಸೆದು ಕೊಂದ ತರುಣ. ೧೫೨೭ರ ದಂಗೆಯಲ್ಲಿ ಪುರಭವನದಿಂದ ಎಸೆದ ಬೆಂಚು ತಗುಲಿ ಆ ತರುಣನ ಎಡಗೈ ಮುರಿಯಿತು. ಗಣರಾಜ್ಯ ಅಳಿದು ಮೆದಿಚಿಗಳ ಪ್ರಭುತ್ವ ನೆಲೆಗೊಂಡ ಮೇಲೆ ಕೊಸಿಮೊ ಪ್ರಭು ಅದೇ ಚೌಕದ ಮಂಟಪದಲ್ಲಿ ಚೆಲ್ಲಿನಿಯ 'ಪರ್ಸಿಯಸ್' ವಿಗ್ರಹವನ್ನು ೧೫೫೪ರಲ್ಲಿ ನಿಲ್ಲಿಸಿದ. ಈ ಸಲ ಕಡಿದ ತಲೆಯನ್ನು ಎತ್ತಿ ಹಿಡಿದವನು ಪ್ರಭುವಿನ ಪಕ್ಷದವನು. ಹೀಗೆ ನೋಡಿದರೆ ಸಿನ್ಯೊರಿಯಾ ಚೌಕ ವಿಗ್ರಹಗಳ ಪ್ರದರ್ಶನವಲ್ಲ. ಅರುವತ್ತು ವರ್ಷ ಕಲ್ಲು ಕಂಚುಗಳಲ್ಲಿ ನಡೆದ ಒಂದು ವಾದ. ಪೂರ್ವಪಕ್ಷ ಉತ್ತರಪಕ್ಷಗಳೆರಡೂ ಎದುರುಬದುರಾಗಿ ನಿಂತಿವೆ. ನಿಂತಲ್ಲಿಂದಲೇ ಕತ್ತು ತಿರುಗಿಸಿ ಓದಬಹುದು. ಒಂದು ಹಗಲಿನ ಪ್ರವಾಸಿಗನಿಗೆ ಇದಕ್ಕಿಂತ ಅನುಕೂಲವಾದ ಪಾಠ ಮತ್ತಾವುದು?

ಇಲ್ಲಿ ಒಂದು ತೊಡಕುಂಟು. ಚೌಕದಲ್ಲಿರುವ 'ಡೇವಿಡ್' ಮೂಲವಲ್ಲ. ಮೂಲವನ್ನು ೧೮೭೩ರಲ್ಲಿ ಅಕಾಡೆಮಿಗೆ ಒಯ್ಯಲಾಯಿತು. ಈಗಿನ ಪ್ರತಿಕೃತಿ ನಿಂತುದು ೧೯೧೦ರಲ್ಲಿ. 'ಜೂಡಿತ್'ನ ಮೂಲ ಪುರಭವನದ ಒಳಗಿದೆ. ಗಿಬರ್ಟಿ ೧೪೨೫ರಿಂದ ೧೪೫೨ರವರೆಗೆ ದುಡಿದು ಮಾಡಿದ ಕಂಚಿನ ಬಾಗಿಲಿನ ಫಲಕಗಳಲ್ಲಿ ಐದನ್ನು ೧೯೬೬ರ ಪ್ರವಾಹ ಕಿತ್ತುಹಾಕಿತು. ಮೂಲವೀಗ ದೇವಾಲಯದ ವಸ್ತುಸಂಗ್ರಹಾಲಯದಲ್ಲಿದೆ, ಜನ ಮುಗಿಬಿದ್ದು ನೋಡುವುದು ಪ್ರತಿಕೃತಿಯನ್ನು. ಧಾನ್ಯದ ಮಾರುಕಟ್ಟೆಯಾಗಿದ್ದು ಆಮೇಲೆ ಪ್ರಾರ್ಥನಾಮಂದಿರವಾದ ಒರ್ಸನ್‌ಮಿಕೆಲೆಯ ಗೋಡೆಯ ಹದಿನಾಲ್ಕು ಗೂಡುಗಳಲ್ಲಿ ನಗರದ ವೃತ್ತಿಸಂಘಗಳು ತಮ್ಮ ತಮ್ಮ ಸಂತರನ್ನು ಪೈಪೋಟಿಯಿಂದ ನಿಲ್ಲಿಸಿದ್ದವು. ಕವಚ ಮಾಡುವವರಿಗಾಗಿ ದೊನಾತೆಲ್ಲೊ ಕಡೆದ 'ಸಂತ ಜಾರ್ಜ್' ಈಗ ಬಾರ್ಜೆಲ್ಲೊ ಸಂಗ್ರಹಾಲಯದಲ್ಲಿದೆ.

ಹಾಗಾದರೆ ಬೀದಿಯಲ್ಲಿ ನಡೆದುಹೋಗುವ ಪ್ರವಾಸಿಗ ವಂಚಿತನಾದನೆ? ಈ ಪ್ರಶ್ನೆಗೆ ಕನ್ನಡನಾಡಿನ ದೇವಾಲಯಗಳಲ್ಲಿ ಬೆಳೆದವನಿಗೆ ಒಂದು ಉತ್ತರ ಸಹಜವಾಗಿ ಹೊಳೆಯುತ್ತದೆ: ಗರ್ಭಗುಡಿಯಲ್ಲಿ ಮೂಲವಿಗ್ರಹ, ಬೀದಿಗೆ ಉತ್ಸವಮೂರ್ತಿ. ಹೋಲಿಕೆ ಒಪ್ಪುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಉತ್ಸವಮೂರ್ತಿಗೂ ಮೂಲಕ್ಕೂ ಪೂಜಾವಿಧಿಯ ಸಂಬಂಧವಿದೆ. ಬೀದಿಯಲ್ಲಿ ಬಂದುದೂ ದೇವರೇ. ಫ್ಲಾರೆನ್ಸಿನ ಪ್ರತಿಕೃತಿಗೆ ಅಂಥ ಆವಾಹನೆ ಇಲ್ಲ. ಅಲ್ಲಿ ಎರಡು ಸತ್ಯಗಳು ಬೇರೆಯಾಗಿವೆ. ಸಂಗ್ರಹಾಲಯದಲ್ಲಿರುವುದು ಕೈಯ ಸತ್ಯ: ಉಳಿಯ ಗುರುತು, ಅಮೃತಶಿಲೆಯ ಮೈ. ಚೌಕದಲ್ಲಿರುವುದು ಸ್ಥಾನದ ಸತ್ಯ: ಬಾಗಿಲು, ಎತ್ತರ, ಎದುರಾಳಿ. ಮೂಲವನ್ನು ಮಾತ್ರ ಕಂಡವನು ಶಿಲ್ಪಿಯನ್ನು ಕಂಡ. ಪ್ರತಿಕೃತಿಯನ್ನು ಅದರ ಸ್ಥಾನದಲ್ಲಿ ಅರಿತು ಕಂಡವನು ಊರನ್ನು ಕಂಡ. ಒಂದು ಹಗಲಿನವನಿಗೆ ಎರಡನೆಯದು ಸುಲಭವಾಗಿ ದಕ್ಕುತ್ತದೆ. ಆದರೆ ಅದು ಪ್ರತಿಕೃತಿಯೆಂಬುದನ್ನು ಮೆಲ್ಲನೆ ನುಂಗಿ, 'ಮೈಕೆಲೇಂಜೆಲೊನ ಡೇವಿಡ್' ಎಂದಷ್ಟೇ ಹೇಳಿ ಛಾಯಾಚಿತ್ರಕ್ಕೆ ಐದು ನಿಮಿಷ ಬಿಟ್ಟರೆ ಎರಡೂ ಸತ್ಯಗಳು ಕೈತಪ್ಪುತ್ತವೆ. ಪ್ರಾಮಾಣಿಕತೆ ಇಲ್ಲಿ ನೀತಿಯ ವಿಷಯ ಮಾತ್ರವಲ್ಲ, ರಸಾಸ್ವಾದದ ವಿಷಯವೂ ಹೌದು.

೫

ಹಳೆಯದೆಂದು ತೋರುವುದರಲ್ಲಿ ಹೊಸದೆಷ್ಟು ಎಂಬ ಪ್ರಶ್ನೆಯೂ ಇದರ ಜತೆಗೇ ಬರುತ್ತದೆ. ದೇವಾಲಯದ ಅಪೂರ್ಣವಾಗಿದ್ದ ಹಳೆಯ ಮುಖಭಿತ್ತಿಯನ್ನು ೧೫೮೭ರಲ್ಲಿ ತೆಗೆದುಹಾಕಲಾಯಿತು; ಬಿಳಿ, ಹಸುರು, ಗುಲಾಬಿ ಶಿಲೆಗಳ ಈಗಿನ ಮುಖಭಿತ್ತಿ ಎಮಿಲಿಯೊ ದೆ ಫಾಬ್ರಿಸನ ವಿನ್ಯಾಸದಂತೆ ೧೮೮೭ರಲ್ಲಿ ಮುಗಿದದ್ದು. ಸಾಂತಾ ಕ್ರೋಚೆಯ ಮುಖಭಿತ್ತಿ ೧೮೬೩ರದು. ಬಸ್ಸು ಮೊದಲು ನಿಲ್ಲುವ ಗುಡ್ಡದ ಚೌಕವನ್ನು ಜುಸೆಪ್ಪೆ ಪೊಜ್ಜಿ ೧೮೬೯ರಲ್ಲಿ ರೂಪಿಸಿದ. ಆಗ ಫ್ಲಾರೆನ್ಸ್ ಇಟಲಿಯ ರಾಜಧಾನಿಯಾಗಿತ್ತು, ೧೮೬೫ರಿಂದ ೧೮೭೧ರವರೆಗೆ. ಆ ಗೌರವಕ್ಕಾಗಿ ನದಿಯ ಉತ್ತರದ ಕೋಟೆಗೋಡೆಗಳನ್ನು ಕೆಡವಿ ವಿಶಾಲವಾದ ಬೀದಿಗಳನ್ನು ಮಾಡಿದರು. ಮುಂದೆ ೧೮೮೫ರಿಂದ ಸುಮಾರು ಹತ್ತು ವರ್ಷಗಳಲ್ಲಿ ಹಳೆಯ ಮಾರುಕಟ್ಟೆಯನ್ನೂ ಯೆಹೂದ್ಯರ ಕೇರಿಯನ್ನೂ ನೆಲಸಮ ಮಾಡಿ, ಈಗ ರಿಪಬ್ಲಿಕ್ ಚೌಕವೆನಿಸಿರುವ ಬಯಲನ್ನು ನಿರ್ಮಿಸಿದರು. ಶತಮಾನಗಳ ಕೊಳಕಿನಿಂದ ನಗರದ ಪುರಾತನ ಕೇಂದ್ರಕ್ಕೆ ಹೊಸ ಬಾಳು ಬಂದಿತೆಂದು ಅಲ್ಲಿನ ಕಮಾನಿನ ಬರೆಹ ಹೆಮ್ಮೆಯಿಂದ ಸಾರುತ್ತದೆ.

ಅಂದರೆ ಪ್ರವಾಸಿಗನು 'ಮಧ್ಯಯುಗದ ನಗರ'ವೆಂದು ಮೆಚ್ಚುವುದರಲ್ಲಿ ಒಂದು ಭಾಗ, ಹತ್ತೊಂಬತ್ತನೆಯ ಶತಮಾನದ ಇಟಲಿ ತನ್ನ ಹಿಂದಿನ ಕಾಲವನ್ನು ಹೇಗೆ ಕಲ್ಪಿಸಿಕೊಂಡಿತೆಂಬುದರ ಚಿತ್ರ. ಇದನ್ನು ತಿಳಿಸಿದರೆ ಸಂತೋಷಕ್ಕೆ ಕುಂದು ಬರುತ್ತದೆಂದು ಮಾರ್ಗದರ್ಶಕರು ಭಾವಿಸುವಂತಿದೆ. ಆದರೆ ನಿಜವಾದ ಕುತೂಹಲ ಹುಟ್ಟುವುದೇ ಇಲ್ಲಿಂದ. ಒಂದು ರಾಷ್ಟ್ರ ತನ್ನ ಪ್ರಾಚೀನ ವೈಭವವನ್ನು ಪೂರ್ಣಗೊಳಿಸಲು ಹೊರಟಾಗ ಯಾವುದನ್ನು ಕಟ್ಟುತ್ತದೆ, ಯಾವುದನ್ನು ಕೆಡವುತ್ತದೆ ಎಂಬುದು ಭಾರತದಿಂದ ಹೋದವನಿಗೆ ಪರಕೀಯವಾದ ಪ್ರಶ್ನೆಯಲ್ಲ.

೬

ಈ ನಗರದಲ್ಲಿ ಪ್ರವಾಸಿಗನು ಕರೆಯದೆ ಬಂದವನೆಂದು ಹೇಳುವಂತಿಲ್ಲ. ಮೆದಿಚಿ ಮನೆತನದ ಕೊನೆಯ ಕುಡಿ ಆನ್ನಾ ಮರಿಯಾ ಲೂಯಿಸಾ ೧೭೩೭ರಲ್ಲಿ ಹೊಸ ರಾಜವಂಶದೊಡನೆ ಮಾಡಿಕೊಂಡ ಒಪ್ಪಂದದಲ್ಲಿ, ಮನೆತನದ ಚಿತ್ರ, ಶಿಲ್ಪ, ಗ್ರಂಥ, ರತ್ನಗಳು ರಾಜಧಾನಿಯನ್ನು ಬಿಟ್ಟು ಹೊರಗೆ ಹೋಗಕೂಡದೆಂದು ಕಟ್ಟು ಮಾಡಿದಳು. ಅದಕ್ಕೆ ಮೂರು ಪ್ರಯೋಜನಗಳನ್ನು ಹೇಳಲಾಗಿತ್ತು: ರಾಜ್ಯಕ್ಕೆ ಭೂಷಣ, ಪ್ರಜೆಗಳಿಗೆ ಉಪಯೋಗ, ಪರದೇಶೀಯರ ಕುತೂಹಲಕ್ಕೆ ಆಕರ್ಷಣೆ. ಸರಕಾರಿ ಕಚೇರಿಗಳಿಗಾಗಿ ವಸಾರಿಯೇ ೧೫೬೦ರಲ್ಲಿ ಕಟ್ಟಲಾರಂಭಿಸಿದ ಉಫೀತ್ಸಿ ೧೭೬೯ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಆ ಹೆಣ್ಣುಮಗಳ ದೂರದೃಷ್ಟಿಯಿಲ್ಲದಿದ್ದರೆ, ವಂಶ ಅಳಿದ ಬೇರೆ ಅರಮನೆಗಳ ಸಂಗ್ರಹಗಳಂತೆ ಇದೂ ಚದುರಿಹೋಗುತ್ತಿತ್ತು.

ಆ ಮೂರು ಪ್ರಯೋಜನಗಳ ಕ್ರಮ ಲಕ್ಷಿಸತಕ್ಕದ್ದು. ಪರದೇಶೀಯನು ಮೂರನೆಯವನು, ಅವನಿಗೆ ಮುಂಚೆ ಊರಿನ ಪ್ರಜೆಯಿದ್ದಾನೆ. ಇಂದು ಮೂರನೆಯದು ಬೆಳೆದು ಎರಡನೆಯದನ್ನು ನುಂಗುವ ಭಯ ಬಂದಿದೆ. ಹಳೆಯ ನಗರದ ಮನೆಗಳು ಅಲ್ಪಕಾಲದ ಪ್ರವಾಸಿ ಬಿಡಾರಗಳಾಗಿ ಮಾರ್ಪಡುವುದನ್ನು ತಡೆಯಲು ನಗರಸಭೆ ೨೦೨೩ರಲ್ಲಿ ಅಂಥ ಹೊಸ ಬಾಡಿಗೆಗಳನ್ನು ನಿಷೇಧಿಸಲು ನಿರ್ಣಯಿಸಿತು; ೨೦೨೪ರಲ್ಲಿ ಮಾರ್ಗದರ್ಶಕರು ಧ್ವನಿವರ್ಧಕ ಬಳಸುವುದಕ್ಕೂ ತಡೆ ತರಲು ಮುಂದಾಯಿತು. ಕೆಲವೇ ಗಂಟೆಗಳ ಅತಿಥಿ ಊರಿಗೆ ತರುವ ಹಣಕ್ಕಿಂತ ಅವನು ಬೀದಿಯಲ್ಲಿ ಆಕ್ರಮಿಸುವ ಸ್ಥಳ ಹೆಚ್ಚೆಂಬ ದೂರು ಅಲ್ಲಿಯ ನಿವಾಸಿಗಳದು.

ಆದರೂ ಪರದೇಶೀಯನ ಕುತೂಹಲ ಬರಿಯ ಹೊರೆಯಲ್ಲವೆಂಬುದಕ್ಕೆ ಅದೇ ನಗರ ಸಾಕ್ಷಿ ಹೇಳುತ್ತದೆ. ೧೯೬೬ರ ನವೆಂಬರ್ ೪ರಂದು ಆರ್ನೊ ಉಕ್ಕಿ ಹರಿದಾಗ ಸಾಂತಾ ಕ್ರೋಚೆಯಲ್ಲಿದ್ದ ಚಿಮಾಬುಯೆಯ ಶಿಲುಬೆಯ ಬಣ್ಣದಲ್ಲಿ ಅರ್ಧಕ್ಕಿಂತ ಹೆಚ್ಚು ಕೊಚ್ಚಿಹೋಯಿತು. ರಾಷ್ಟ್ರೀಯ ಗ್ರಂಥಾಲಯದ ಅಸಂಖ್ಯ ಪುಸ್ತಕಗಳು ಕೆಸರಿನಲ್ಲಿ ಮುಳುಗಿದವು. ಆಗ ನಾನಾ ದೇಶಗಳಿಂದ ಬಂದ ತರುಣ ತರುಣಿಯರು ಸಾಲುಗಟ್ಟಿ ನಿಂತು ಕೈಯಿಂದ ಕೈಗೆ ಗ್ರಂಥಗಳನ್ನು ದಾಟಿಸಿದರು. ಊರು ಅವರನ್ನು ಕೆಸರಿನ ದೇವದೂತರೆಂದು ಕರೆಯಿತು. ಕಂಡುದರ ಬಗ್ಗೆ ಹೊಣೆ ಹುಟ್ಟಿದಾಗ ಪ್ರೇಕ್ಷಕನು ಪ್ರಜೆಗೆ ಸಮೀಪವಾಗುತ್ತಾನೆ. ಒಂದು ಹಗಲಿನ ದರ್ಶನದಿಂದ ಅಷ್ಟನ್ನು ನಿರೀಕ್ಷಿಸಲಾಗದಿದ್ದರೂ, ಇದು ಯಾರೋ ಬಾಳುವ ಊರು, ಯಾರೋ ಕಾಪಾಡಿದ ಸೊತ್ತು ಎಂಬ ಎಚ್ಚರವನ್ನಾದರೂ ಅದು ಮೂಡಿಸಬೇಕು.

೭

ಪ್ರವಾಸದ ಪಟ್ಟಿಯಲ್ಲಿ ಸೇರದ ಒಂದು ಸ್ಥಳವನ್ನು ಇಲ್ಲಿ ನೆನೆಯುವುದು ಉಚಿತ. ನಗರದ ಪಶ್ಚಿಮಕ್ಕೆ ಕಾಶೀನೆ ಉದ್ಯಾನದ ತುದಿಯಲ್ಲಿ, ಮುನ್ಯೋನೆ ಎಂಬ ಹೊಳೆ ಆರ್ನೊವನ್ನು ಕೂಡುವಲ್ಲಿ, ಭಾರತೀಯ ಮಾದರಿಯ ಛತ್ರಿಯೊಂದಿದೆ. ಅದರ ಕೆಳಗೆ ಒಬ್ಬ ತರುಣನ ಅರ್ಧಪ್ರತಿಮೆ. ಆತ ಕೊಲ್ಹಾಪುರದ ರಾಜನಾಗಿದ್ದ ರಾಜಾರಾಮ. ೧೮೭೦ರಲ್ಲಿ ಇಂಗ್ಲೆಂಡಿಗೆ ಹೋಗಿ ಊರಿಗೆ ಮರಳುವ ದಾರಿಯಲ್ಲಿ ಕಾಯಿಲೆಬಿದ್ದು, ನವೆಂಬರ್ ೩೦ರಂದು ಫ್ಲಾರೆನ್ಸಿನಲ್ಲಿ ತೀರಿಕೊಂಡಾಗ ಅವನಿಗೆ ಇಪ್ಪತ್ತು ವರ್ಷ. ಹಿಂದೂ ವಿಧಿಯಂತೆ ನದಿಗಳು ಕೂಡುವ ಜಾಗದಲ್ಲಿ ದಹನವಾಯಿತು. ಅವನ ಪ್ರವಾಸದ ದಿನಚರಿಯನ್ನು ಜತೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿ ಕ್ಯಾಪ್ಟನ್ ವೆಸ್ಟ್ ೧೮೭೨ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ. ಸ್ಮಾರಕ ೧೮೭೪ರಲ್ಲಿ ನಿಂತಿತು. ಸಮೀಪದ ಸೇತುವೆಗೆ ಇಂದಿಗೂ ಭಾರತೀಯನ ಸೇತುವೆಯೆಂದೇ ಹೆಸರು.

ಕನ್ನಡನಾಡಿನ ಗಡಿಯಂಚಿನ ಸಂಸ್ಥಾನದಿಂದ ಹೋದ ಈ ತರುಣನೂ ಒಂದು ಅರ್ಥದಲ್ಲಿ ಮಾರ್ಗದರ್ಶಕರೊಡನೆ ಪಶ್ಚಿಮವನ್ನು ನೋಡಲು ಹೊರಟವನೇ. ಎಲ್ಲಿಗೆ ಹೋಗಬೇಕು, ಏನನ್ನು ಕಾಣಬೇಕು ಎಂಬುದನ್ನು ಬೇರೆಯವರು ಗೊತ್ತುಮಾಡಿದ್ದರು. ಪುನರುಜ್ಜೀವನದ ಮಹಾಪುರುಷರ ಸಾಲಿನಲ್ಲಿ ಅವನಿಗೆ ಸ್ಥಾನವಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ದೂರದೇಶದವನ ಅಂತ್ಯವಿಧಿಗೆ ತನ್ನ ನದಿಯ ದಂಡೆಯಲ್ಲಿ ಎಡೆಗೊಟ್ಟ ಊರು ಅದೇ ಫ್ಲಾರೆನ್ಸ್. ಪಟ್ಟಿಯಲ್ಲಿರುವುದೊಂದೇ ಊರಲ್ಲವೆಂಬುದಕ್ಕೆ ಈ ಛತ್ರಿ ಸಾಕ್ಷಿ.

೮

ಹೊರನಾಡಿನ ಕನ್ನಡಿಗನಿಗೆ ಈ ವಿಚಾರ ಇಟಲಿಗಷ್ಟೇ ಸಂಬಂಧಿಸಿದುದಲ್ಲ. ರಜೆಯಲ್ಲಿ ಊರಿಗೆ ಬಂದು ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳನ್ನು ಮಕ್ಕಳಿಗೆ ತೋರಿಸುವುದೂ ಒಂದು ಹಗಲಿನ ಬಸ್ಸಿನಲ್ಲಿಯೇ. ಅಲ್ಲಿಯೂ ಕನ್ನಡಿ ಹಿಡಿದ ಮದನಿಕೆಯ ಮುಂದೆ ಗುಂಪು ನಿಲ್ಲುತ್ತದೆ. ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಆ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರುಗಳನ್ನು ವಿಗ್ರಹಗಳ ಪೀಠದಲ್ಲಿ 'ಇದು ಇವನ ಕೆಲಸ' ಎಂಬಂತೆ ಕನ್ನಡ ಅಕ್ಷರಗಳಲ್ಲಿ ಕೆತ್ತಿದ್ದಾರೆ. ಫ್ಲಾರೆನ್ಸಿನಲ್ಲಿ ಹೆಸರುಗಳ ಗದ್ದಲದಲ್ಲಿ ಊರು ಮರೆಯಾದರೆ, ಬೇಲೂರಿನಲ್ಲಿ ಕಣ್ಣೆದುರಿಗಿರುವ ಹೆಸರನ್ನು ಬಹುಮಂದಿ ಓದದೆ ಮುಂದೆ ಸಾಗುತ್ತಾರೆ. ಎರಡು ಕಡೆಯೂ ಕೊರತೆ ಕಾಲದ್ದಲ್ಲ. ಮೊದಲೇ ಕೇಳಿದ ಕಥೆಯನ್ನು ಕಣ್ಣಿನಿಂದ ಖಚಿತಪಡಿಸಿಕೊಂಡು ಹೊರಡುವ ಅಭ್ಯಾಸದ್ದು.

ಆದ್ದರಿಂದ ಒಂದು ಹಗಲಿನ ಪ್ರವಾಸವನ್ನು ಅಳೆಯಬೇಕಾದುದು ಅದು ತೋರಿಸಿದ ವಸ್ತುಗಳ ಎಣಿಕೆಯಿಂದಲ್ಲ, ಪ್ರೇಕ್ಷಕನಲ್ಲಿ ಉದಿಸಿದ ಮೂರ್ಛೆಯ ಪ್ರಮಾಣದಿಂದಲೂ ಅಲ್ಲ. ಒಂದು ಕೃತಿ ತಾನು ನಿಂತ ಸ್ಥಳದಲ್ಲಿ ಏತಕ್ಕೆ ನಿಂತಿದೆ, ಅದನ್ನು ಬಯಸಿದವರು ಯಾರು, ಮಾಡಿದವರು ಯಾರು, ಇಂದು ಕಾಯುತ್ತಿರುವವರು ಯಾರು ಎಂಬ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕಾದರೂ ಅವನ ಕಣ್ಣಿಗೆ ಉತ್ತರ ದೊರೆಯಿತೆ ಎಂಬುದೇ ಪರೀಕ್ಷೆ. ನಡಿಗೆಯ ಪ್ರವಾಸಕ್ಕೆ ಇದರಲ್ಲಿ ಒಂದು ವಿಶೇಷ ಅನುಕೂಲವಿದೆ. ಗ್ರಂಥದಲ್ಲಿ ದೂರಗಳು ತಿಳಿಯುವುದಿಲ್ಲ. ಸಂಗ್ರಹಾಲಯದಲ್ಲಿ ದಿಕ್ಕುಗಳು ತಿಳಿಯುವುದಿಲ್ಲ. ಗುಮ್ಮಟದ ಬುಡದಿಂದ ಹೊರಟು, ವೃತ್ತಿಸಂಘಗಳ ಸಂತರಿದ್ದ ಧಾನ್ಯದ ಮಾರುಕಟ್ಟೆಯ ಪಕ್ಕದಲ್ಲಿ ಹಾದು, ಪುರಭವನದ ಬಾಗಿಲಿಗೆ ಬಂದು ನಿಲ್ಲುವ ಆ ಕೆಲವು ನಿಮಿಷಗಳ ದಾರಿಯಲ್ಲಿ ಧರ್ಮ, ಕಸುಬು, ಆಳ್ವಿಕೆಗಳ ಸಂಬಂಧವನ್ನು ಕಾಲುಗಳೇ ಅಳೆದುಕೊಡುತ್ತವೆ. ಬಸ್ಸಿನ ತಂಡಗಳು ಆ ದಾರಿಯಲ್ಲಿ ದಿನವೂ ನಡೆಯುತ್ತವೆ. ನಡೆಯುವ ಹೊತ್ತಿನಲ್ಲಿ ಮಾರ್ಗದರ್ಶಕನು ಮೊಟ್ಟೆಯ ಕಥೆಯನ್ನು ಬಿಟ್ಟು ದಾರಿಯನ್ನೇ ಓದಿ ಹೇಳಿದರೆ ಒಂದು ಹಗಲು ಸಾಲದೆಂಬ ದೂರಿನ ಬಹುಭಾಗ ಇಲ್ಲವಾಗುತ್ತದೆ. ಉಳಿದ ಭಾಗ ಮತ್ತೊಮ್ಮೆ ಬರಬೇಕೆಂಬ ಆಸೆಯಾಗಿ ಅವನೊಡನೆ ಬಸ್ಸನ್ನೇರುತ್ತದೆ.